ಮಾದರಿ ಮನೆಯೊಳಗೆ ಮನೆಯವರನ್ನು ಇರಿಸುವುದು ಹೇಗೆ: ಕಟ್ಟಡದ ವಿದ್ಯುತ್ ಸಿಮ್ಯುಲೇಶನ್‌ಗೆ ಹುಬ್ಬಳ್ಳಿ-ಧಾರವಾಡದ ಹಿನ್ನೆಲೆಯಲ್ಲಿ ಒಂದು ಮಾರ್ಗದರ್ಶಿ

ಹುಬ್ಬಳ್ಳಿಯ ವಿದ್ಯಾನಗರದಲ್ಲಿಯೋ ಧಾರವಾಡದ ಸಪ್ತಾಪುರದಲ್ಲಿಯೋ ಒಂದೇ ಅಪಾರ್ಟ್‌ಮೆಂಟಿನ ಒಂದೇ ಮಹಡಿಯಲ್ಲಿ, ಒಂದೇ ನಕ್ಷೆಯ ಎರಡು ಮನೆಗಳ ಮೇ ತಿಂಗಳ ಹೆಸ್ಕಾಂ ಬಿಲ್ಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಒಂದರ ಯೂನಿಟ್‌ಗಳು ಇನ್ನೊಂದರ ಎರಡರಷ್ಟಿರುವುದು ಅಪರೂಪವೇನಲ್ಲ. ಗೋಡೆ ಒಂದೇ, ಕಿಟಕಿ ಒಂದೇ, ಬಿಸಿಲೂ ಹೆಚ್ಚು ಕಡಿಮೆ ಒಂದೇ. ಬೇರೆಯಾಗಿರುವುದು ಒಳಗಿರುವ ಜನ. 1970ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯ ಟ್ವಿನ್ ರಿವರ್ಸ್ ಎಂಬ ಬಡಾವಣೆಯಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಒಂದೇ ತರಹ ಕಟ್ಟಿದ ಸಾಲುಮನೆಗಳನ್ನು ಅಳೆದಾಗಲೂ ಇಂಧನ ಬಳಕೆಯಲ್ಲಿ ಸುಮಾರು ಎರಡು ಪಟ್ಟಿನ ಅಂತರವನ್ನೇ ಕಂಡಿದ್ದರು. ಆ ಬಳಿಕ ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ಕಟ್ಟಡ ಕಾರ್ಯಕ್ರಮದಡಿ 2013ರಿಂದ 2018ರವರೆಗೆ ‘ಅನೆಕ್ಸ್ 66’, ಅನಂತರ ‘ಅನೆಕ್ಸ್ 79’ ಎಂಬ ಎರಡು ದೊಡ್ಡ ಯೋಜನೆಗಳು ಈ ಒಂದೇ ವಿಷಯದ ಮೇಲೆ ನಡೆದವು.

ಎನರ್ಜಿಪ್ಲಸ್, ಓಪನ್‌ಸ್ಟುಡಿಯೋ ಅಥವಾ ಡಿಸೈನ್‌ಬಿಲ್ಡರ್ ಎಂಬ ತಂತ್ರಾಂಶ ಬಳಸಿ, ಕಟ್ಟಡದೊಳಗಿನ ಉಷ್ಣತೆ ಮತ್ತು ವಿದ್ಯುತ್ ಬಳಕೆಯನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಯೊಂದನ್ನು (ಸಿಮ್ಯುಲೇಶನ್) ಹೇಗೋ ಓಡಿಸಬಲ್ಲ, ಆದರೆ ‘ಜನ’ ಎಂಬ ಖಾನೆ ಬಂದಾಗ ತಂತ್ರಾಂಶ ತಾನಾಗಿ ಕೊಡುವ ಅಂಕಿಗಳನ್ನೇ ಹಾಗೆಯೇ ಬಿಟ್ಟು ಮುಂದೆ ಹೋಗುವ ಎಂಜಿನಿಯರುಗಳು, ವಾಸ್ತುಶಿಲ್ಪಿಗಳು ಮತ್ತು ವಿದ್ಯಾರ್ಥಿಗಳಿಗಾಗಿ ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. ಬೆಳಿಗ್ಗೆ 9ಕ್ಕೆ ಬಂದು ಸಂಜೆ 5ಕ್ಕೆ ಹೋಗುವ, ಕಿಟಕಿಯನ್ನು ಎಂದೂ ತೆರೆಯದ, ದಿನವಿಡೀ 24 ಡಿಗ್ರಿಯಲ್ಲಿ ಕೂರುವ ತಂತ್ರಾಂಶದ ಆ ಸಿದ್ಧ ಮನುಷ್ಯ ನಮ್ಮ ಊರಿನವನಲ್ಲ. ಹಾಗೆಂದು ‘ನಿಜವಾದ’ ಮನುಷ್ಯನನ್ನು ಮಾದರಿಯೊಳಗೆ ಹಿಡಿದಿಡುವುದೂ ಆಗದ ಮಾತು. ಆಗುವ ಕೆಲಸ ಬೇರೆ ಇದೆ: ಇಲ್ಲಿ ಇರಬಹುದಾದ ಹಲವು ಬಗೆಯ ಜನರಲ್ಲಿ ಯಾರೇ ಬಂದು ವಾಸಿಸಿದರೂ ನಾವು ಕೈಗೊಳ್ಳುವ ನಿರ್ಧಾರ ಸರಿಯಾಗಿ ಉಳಿಯುತ್ತದೆಯೇ ಎಂದು ಪರೀಕ್ಷಿಸುವುದು. ಮುಂದಿನ ಎಲ್ಲ ಹೆಜ್ಜೆಗಳೂ ಆ ದಿಕ್ಕಿಗೇ ಹೋಗುತ್ತವೆ.

ಹೆಜ್ಜೆ 1: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ

‘ಈ ಮನೆ ಎಷ್ಟು ವಿದ್ಯುತ್ ಬಳಸುತ್ತದೆ’ ಎಂಬುದು ಪ್ರಶ್ನೆಯೇ ಅಲ್ಲ, ಏಕೆಂದರೆ ಅದಕ್ಕೆ ಒಂದೇ ಉತ್ತರವಿಲ್ಲ. ‘ಮೇಲ್ಮಹಡಿಯ ಮನೆಗೆ ಮಾಳಿಗೆಯ ಮೇಲೆ ಬಿಳಿ ಲೇಪನ ಮಾಡಿಸಬೇಕೇ, ಪಶ್ಚಿಮದ ಕಿಟಕಿಗೆ ಛಜ್ಜಾ ಹಾಕಿಸಬೇಕೇ, ಎರಡರಲ್ಲಿ ಯಾವುದು ಮೊದಲು’ ಎಂಬುದು ಪ್ರಶ್ನೆ. ‘ಟ್ರಾನ್ಸ್‌ಫಾರ್ಮರ್ ಎಷ್ಟು ದೊಡ್ಡದಿರಬೇಕು’ ಎಂಬುದೂ ಪ್ರಶ್ನೆಯೇ.

ಪ್ರಶ್ನೆ ಯಾವುದು ಎಂಬುದರ ಮೇಲೆ ಜನರನ್ನು ಎಷ್ಟು ವಿವರವಾಗಿ ಬಿಡಿಸಬೇಕು ಎಂಬುದು ನಿಂತಿದೆ. ವಸತಿ ಕಟ್ಟಡಗಳ ಇಂಧನ ನಿಯಮಾವಳಿಯಾದ ಈಕೋ ನಿವಾಸ್ ಸಂಹಿತಾ 2018ರ ಪ್ರಕಾರ ಗೋಡೆ-ಕಿಟಕಿಗಳ ಮೂಲಕ ಒಳಬರುವ ಶಾಖದ ಮಾನ ಚದರ ಮೀಟರಿಗೆ 15 ವಾಟ್‌ ಮೀರಬಾರದು ಎಂಬ ನಿಯಮವನ್ನು ಮಾತ್ರ ತಾಳೆ ನೋಡುವುದಿದ್ದರೆ ಜನರ ಅಗತ್ಯವೇ ಇಲ್ಲ. ಅದು ಕಟ್ಟಡದ ಹೊರಮೈಯ ಲೆಕ್ಕ. ವರ್ಷದ ಒಟ್ಟು ಯೂನಿಟ್‌ಗಳ ಅಂದಾಜಿಗೆ ಒಳ್ಳೆಯ ವೇಳಾಪಟ್ಟಿ ಸಾಕು. ಕಿಟಕಿಯ ಗಾಳಿಯಿಂದಲೇ ತಂಪಾಗಬೇಕಾದ ಮನೆಯಲ್ಲಿ ಎಷ್ಟು ಗಂಟೆ ಸೆಖೆಯಾಗುತ್ತದೆ ಎಂದು ತಿಳಿಯಬೇಕಾದರೆ ಮಾತ್ರ ಕಿಟಕಿ ತೆರೆಯುವ ನಿಯಮಗಳು, ಬೇಕಿದ್ದರೆ ಸಂಭಾವ್ಯತೆಯ ಮಾದರಿಗಳು ಬೇಕಾಗುತ್ತವೆ. ವಿವರ ಹೆಚ್ಚಿದಷ್ಟೂ ಉತ್ತರ ನಿಖರವಾಗುತ್ತದೆ ಎಂಬ ನಂಬಿಕೆ ನಮ್ಮ ವೃತ್ತಿಯಲ್ಲಿ ಬಲವಾಗಿದೆ. ಆದರೆ ತಿಳಿಯದ ಹತ್ತು ಅಂಕಿಗಳನ್ನು ಹೊಸದಾಗಿ ಸೇರಿಸಿದರೆ ಅನಿಶ್ಚಿತತೆ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ.

ಹೆಜ್ಜೆ 2: ಝೋನ್‌ಗಳು ಮತ್ತು ಹವಾಮಾನದ ಫೈಲ್

ಝೋನ್ ಎಂದರೆ ಒಂದೇ ಉಷ್ಣತೆಯ ಜಾಗವೆಂದು ಮಾದರಿ ಲೆಕ್ಕ ಹಾಕುವ ಭಾಗ. ಝೋನ್‌ಗಳನ್ನು ಗೋಡೆಗಳ ಪ್ರಕಾರ ಅಲ್ಲ, ಬಳಕೆಯ ಪ್ರಕಾರ ವಿಂಗಡಿಸಿ. ಎಸಿ ಇರುವ ಮಲಗುವ ಕೋಣೆ ಬೇರೆ ಝೋನ್ ಆಗಲೇಬೇಕು. ಪಡಸಾಲೆ ಮತ್ತು ಅಡುಗೆಮನೆಗಳ ನಡುವೆ ಬಾಗಿಲಿಲ್ಲದಿದ್ದರೆ ಎರಡನ್ನೂ ಒಂದೇ ಮಾಡಬಹುದು. ಹವಾಮಾನಕ್ಕೆ ಭಾರತದ ಹವಾನಿಯಂತ್ರಣ ಎಂಜಿನಿಯರುಗಳ ಸಂಘವಾದ ಇಶ್ರೇ ಸಿದ್ಧಪಡಿಸಿದ ಫೈಲ್‌ಗಳಲ್ಲಿ ನಮಗೆ ಹತ್ತಿರವಿರುವವು ಬೆಳಗಾವಿ ಮತ್ತು ಚಿತ್ರದುರ್ಗದವು. ಮಲೆನಾಡಿನ ಸೆರಗಿನಲ್ಲಿರುವ ಧಾರವಾಡಕ್ಕೆ ಬೆಳಗಾವಿಯ ಫೈಲ್ ಒಪ್ಪುತ್ತದೆ. ಬಯಲುಸೀಮೆಗೆ ಸೇರಿದ ಗದಗಕ್ಕೆ ಅದನ್ನೇ ಹಾಕಿದರೆ ಬೇಸಿಗೆ ತಂಪಾಗಿಯೂ ಮಳೆಗಾಲ ತೇವವಾಗಿಯೂ ಕಾಣುತ್ತದೆ. ಮಾದರಿಯ ಜನರೂ ಆ ಸುಳ್ಳು ಹವೆಗೆ ತಕ್ಕಂತೆ ನಡೆದುಕೊಳ್ಳುತ್ತಾರೆ.

ಹೆಜ್ಜೆ 3: ಮನೆಯವರನ್ನು ಕೇಳುವುದು, ಅಳೆಯುವುದು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಸಲ್ಲಬೇಕಾದದ್ದು ಇಲ್ಲಿ. ಅಸ್ತಿತ್ವದಲ್ಲಿರುವ ಕಟ್ಟಡವಾದರೆ ಅಲ್ಲಿಯ ಜನರನ್ನೇ ಕೇಳಿ. ಹೊಸ ಕಟ್ಟಡವಾದರೆ ಅದೇ ಬಡಾವಣೆಯಲ್ಲಿ, ಅದೇ ಬಗೆಯ ಆದಾಯ ಮತ್ತು ಉದ್ಯೋಗದ ನಾಲ್ಕಾರು ಕುಟುಂಬಗಳನ್ನು ಕೇಳಿ.

‘ದಿನಕ್ಕೆ ಎಷ್ಟು ತಾಸು ಎಸಿ ಹಚ್ಚುತ್ತೀರಿ’ ಎಂದು ಕೇಳಿದರೆ ಬರುವುದು ಮರ್ಯಾದೆಯ ಉತ್ತರ. ‘ನಿನ್ನೆ ರಾತ್ರಿ ಎಸಿ ಎಷ್ಟಕ್ಕೆ ಹಚ್ಚಿದ್ದಿರಿ, ಆರಿಸಿದವರು ಯಾರು, ಆರಿಸಿದ ಮೇಲೆ ಕಿಟಕಿ ತೆರೆದಿರೋ ಫ್ಯಾನ್ ಹಾಕಿದಿರೋ’ ಎಂದು ಕೇಳಿದರೆ ಬರುವುದು ಮಾಹಿತಿ. ಉತ್ತರ ಹೀಗಿರಬಹುದು: ‘ಹತ್ತೂವರೆಗೆ ಹಚ್ಚಿದ್ವಿ, ಹುಡುಗರು ಮಲಗಿದ ಮ್ಯಾಲೆ ಹನ್ನೆರಡೂವರೆಗೆ ಅವರವ್ವ ಎದ್ದು ಆರಿಸಿದಳು, ಫ್ಯಾನ್ ಎರಡರ ಮ್ಯಾಲೆ ಇಟ್ಟಳು.’ ಈ ಒಂದು ಮಾತಿನಲ್ಲಿ ಎಸಿಯ ಅವಧಿ, ಅದನ್ನು ಆರಿಸುವ ಅಧಿಕಾರ ಯಾರದು, ಕೋಣೆಯಲ್ಲಿ ಎಷ್ಟು ಜನ, ಮುಂದಿನ ಆರು ತಾಸು ಯಾವ ಸಾಧನ ಓಡುತ್ತದೆ ಎಂಬ ನಾಲ್ಕು ಸಂಗತಿಗಳಿವೆ. ತಂತ್ರಾಂಶ ಮಾತ್ರ ಬೇರೆ ಹೇಳುವುದಿಲ್ಲ ಎಂದರೆ ಇಡೀ ರಾತ್ರಿ ಎಸಿ ಓಡಿಸುತ್ತಲೇ ಇರುತ್ತದೆ.

ನಮ್ಮ ಭಾಗದಲ್ಲಿ ತಪ್ಪದೆ ಕೇಳಬೇಕಾದ ಇನ್ನೂ ಕೆಲವು ವಿಷಯಗಳಿವೆ. ಸಂಜೆ ಸೊಳ್ಳೆಗೆ ಹೆದರಿ ಕಿಟಕಿಗಳನ್ನು ಯಾವಾಗ ಮುಚ್ಚುತ್ತಾರೆ? ಸೊಳ್ಳೆ ಜಾಳಿಗೆ ಇದೆಯೇ? ಮಧ್ಯಾಹ್ನ ಧೂಳಿಗೂ ಬಿಸಿಗಾಳಿಗೂ ಮುಚ್ಚುತ್ತಾರೆಯೇ? ಮಳೆಗಾಲದಲ್ಲಿ ಪಶ್ಚಿಮದ ಎರಚಲಿಗೆ ಯಾವ ಕಿಟಕಿ ತಿಂಗಳುಗಟ್ಟಲೆ ಮುಚ್ಚಿಯೇ ಇರುತ್ತದೆ? ನಲ್ಲಿ ನೀರು ಬರುವ ದಿನ ಯಾವುದು, ಆ ದಿನ ಮೋಟಾರ್ ಎಷ್ಟು ಹೊತ್ತು ಓಡುತ್ತದೆ? ಸ್ನಾನದ ನೀರಿಗೆ ಸೋಲಾರ್, ಗೀಸರ್, ಗ್ಯಾಸ್ ಇವುಗಳಲ್ಲಿ ಯಾವುದು? ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಏನೇನು ನಡೆಯುತ್ತದೆ?

ಬೇಸಿಗೆಯಲ್ಲಿ ಎಲ್ಲಿ ಮಲಗುತ್ತಾರೆ ಎಂಬುದನ್ನೂ ಕೇಳಿ. ಗದಗ ಮತ್ತು ಹಾವೇರಿ ಜಿಲ್ಲೆಗಳ ಹಳ್ಳಿಗಳಲ್ಲಿ, ಸಣ್ಣ ಊರುಗಳಲ್ಲಿ ಏಪ್ರಿಲ್-ಮೇ ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ ಹಾಸುವ ಮನೆಗಳು ಇನ್ನೂ ಬೇಕಾದಷ್ಟಿವೆ. ಕಾಂಕ್ರೀಟ್ ಮಾಳಿಗೆ ಹಗಲೆಲ್ಲ ಹೀರಿದ ಶಾಖವನ್ನು ಕೆಳಗಿನ ಕೋಣೆಗೆ ಬಿಡುವ ಹೊತ್ತಿನಲ್ಲಿ ಆ ಕೋಣೆಯಲ್ಲಿ ಯಾರೂ ಇಲ್ಲ. ಮಾದರಿಯಲ್ಲಿ ಆ ಝೋನಿನ ಜನಸಂಖ್ಯೆ ಸೊನ್ನೆಯಾಗಬೇಕು. ಇಲ್ಲದಿದ್ದರೆ ವರದಿಯಲ್ಲಿ ಸೆಖೆಯ ನೂರಾರು ಗಂಟೆಗಳು ಯಾರೂ ಅನುಭವಿಸದ ಗಂಟೆಗಳಾಗಿ ಸೇರಿಕೊಳ್ಳುತ್ತವೆ.

ಅಳತೆಗೆ ದುಬಾರಿ ಸಲಕರಣೆಗಳು ಬೇಕಿಲ್ಲ. 10 ಅಥವಾ 15 ನಿಮಿಷಕ್ಕೊಮ್ಮೆ ಉಷ್ಣತೆ ಮತ್ತು ತೇವಾಂಶ ದಾಖಲಿಸುವ ಸಣ್ಣ ಲಾಗರ್‌ಗಳನ್ನು ಪಡಸಾಲೆಯಲ್ಲಿ ಒಂದು, ಮಲಗುವ ಕೋಣೆಯಲ್ಲಿ ಒಂದು, ಹೊರಗೆ ನೆರಳಿನಲ್ಲಿ ಒಂದು ಇಡಿ. ಎಸಿ ಮತ್ತು ಫ್ರಿಜ್‌ಗೆ ಯೂನಿಟ್ ತೋರಿಸುವ ಪ್ಲಗ್ ಹಾಕಿ. ಅದು ಎಸಿಯ ಆಂಪಿಯರ್ ತಾಳುವಂಥದ್ದಾಗಿರಲಿ. ಕಿಟಕಿಗೆ ಬಾಗಿಲು-ಕಳ್ಳಗಂಟೆಯಲ್ಲಿ ಬಳಸುವ ಆಯಸ್ಕಾಂತದ ಸ್ವಿಚ್ಚು ಸಾಕು. ಲಾಗರನ್ನು ಟಿವಿಯ ಹಿಂದೆಯೋ ಬಿಸಿಲು ಬೀಳುವ ಗೋಡೆಯ ಮೇಲೆಯೋ ಇಡಬೇಡಿ. ಏನು ಅಳೆಯುತ್ತಿದ್ದೇವೆ, ಆ ದಾಖಲೆ ಯಾರ ಕೈಗೆ ಹೋಗುತ್ತದೆ ಎಂದು ಮನೆಯವರಿಗೆ ತಿಳಿಸಿ ಒಪ್ಪಿಗೆ ಪಡೆಯಿರಿ, ಏಕೆಂದರೆ ಮನೆ ಯಾವಾಗ ಖಾಲಿ ಇರುತ್ತದೆ ಎಂಬುದು ಆ ದಾಖಲೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಹೆಜ್ಜೆ 4: ವೇಳಾಪಟ್ಟಿ ಬರೆಯುವುದು

ಎನರ್ಜಿಪ್ಲಸ್‌ನಲ್ಲಿ ಜನ, ದೀಪ, ಉಪಕರಣಗಳಿಗೆ ಪ್ರತ್ಯೇಕ ವೇಳಾಪಟ್ಟಿ ಇರುತ್ತದೆ. 0ರಿಂದ 1ರವರೆಗಿನ ಒಂದು ಭಿನ್ನಾಂಕವು ಗರಿಷ್ಠ ಸಂಖ್ಯೆಯನ್ನು ಗುಣಿಸುತ್ತದೆ. ನಾಲ್ವರ ಮನೆಯಲ್ಲಿ ಮಧ್ಯಾಹ್ನ ಅಜ್ಜಿ ಒಬ್ಬರೇ ಇದ್ದರೆ 0.25. ಇಲ್ಲಿ ಗಮನಿಸಬೇಕಾದದ್ದು ದಿನಗಳ ವರ್ಗೀಕರಣ. ‘ವಾರದ ದಿನ, ವಾರಾಂತ್ಯ’ ಎಂಬ ಎರಡೇ ಭಾಗ ನಮಗೆ ಸಾಲದು. ಏಪ್ರಿಲ್ ಎರಡನೆಯ ವಾರದ ಸುಮಾರಿಗೆ ಶಾಲೆಗಳಿಗೆ ರಜೆ ಬಿದ್ದು ಮೇ ಕೊನೆಯವರೆಗೆ ಮಕ್ಕಳು ಮನೆಯಲ್ಲಿರುತ್ತಾರೆ, ಊರಿನಿಂದ ನೆಂಟರೂ ಬರುತ್ತಾರೆ ಅಥವಾ ಮನೆಯವರೇ ಊರಿಗೆ ಹೋಗುತ್ತಾರೆ. ವರ್ಷದ ಅತಿ ಬಿಸಿ ತಿಂಗಳುಗಳೂ ಮನೆಯ ಜನಸಂಖ್ಯೆ ಅತಿ ಹೆಚ್ಚು ಬದಲಾಗುವ ತಿಂಗಳುಗಳೂ ಒಂದೇ ಆಗಿರುವುದರಿಂದ ಈ ಒಂದು ತಿದ್ದುಪಡಿಯನ್ನು ಮಾಡದಿದ್ದರೆ ಉಳಿದ ನಾಜೂಕು ಲೆಕ್ಕಗಳಿಗೆ ಬೆಲೆಯಿಲ್ಲ.

ಪ್ರತಿ ವ್ಯಕ್ತಿಯ ಶಾಖವನ್ನೂ ಕೆಲಸಕ್ಕೆ ತಕ್ಕಂತೆ ಬದಲಿಸಿ. ಮಲಗಿದವರು ಸುಮಾರು 72 ವಾಟ್, ಸುಮ್ಮನೆ ಕುಳಿತವರು 108 ವಾಟ್, ಅಡುಗೆ ಮಾಡುವವರು 170ರಿಂದ 207 ವಾಟ್ ಶಾಖ ಹೊರಬಿಡುತ್ತಾರೆ. ಒಂದೇ ಕೋಣೆಯಲ್ಲಿ ನಾಲ್ವರು ಮಲಗಿದರೆ 288 ವಾಟ್. ಎಸಿಗೆ ಅದು ಲೆಕ್ಕಕ್ಕೆ ಬರುವ ಹೊರೆಯೇ. ಬೆಳಿಗ್ಗೆ ಒಲೆಯ ಮುಂದೆ ರೊಟ್ಟಿ ಬಡಿಯುವ ಒಂದು ತಾಸಿನಲ್ಲಿ ಅಡುಗೆಮನೆಗೆ ಸೇರುವ ಶಾಖದಲ್ಲಿ ಮನುಷ್ಯರದ್ದಕ್ಕಿಂತ ಬರ್ನರಿನದೇ ಹಲವು ಪಟ್ಟು ಹೆಚ್ಚು. ಅದು ವಿದ್ಯುತ್ ಬಿಲ್ಲಿನಲ್ಲಿ ಕಾಣದ ಕಾರಣ ಬಹಳ ಮಾದರಿಗಳಲ್ಲಿ ಬಿಟ್ಟೇ ಹೋಗುತ್ತದೆ.

ಕರೆಂಟ್ ಹೋಗುವ ಹೊತ್ತುಗಳಿಗೆ ಎಸಿ, ಗೀಸರ್, ಫ್ರಿಜ್‌ಗಳ ವೇಳಾಪಟ್ಟಿಯನ್ನು ಸೊನ್ನೆ ಮಾಡಿ, ಇನ್ವರ್ಟರಿನ ಫ್ಯಾನ್ ಮತ್ತು ಎಲ್‌ಇಡಿಗಳನ್ನು ಉಳಿಸಿ. ಕರೆಂಟ್ ಬಂದ ಮೇಲೆ ಎಸಿ, ಫ್ರಿಜ್, ಇನ್ವರ್ಟರ್ ಚಾರ್ಜಿಂಗ್ ಎಲ್ಲವೂ ಒಮ್ಮೆಗೇ ಎಳೆಯುವುದರಿಂದ, ನಿಮ್ಮ ಪ್ರಶ್ನೆ ಗರಿಷ್ಠ ಲೋಡ್ ಕುರಿತಾಗಿದ್ದರೆ ಈ ಗಳಿಗೆಯನ್ನು ಬಿಡಬೇಡಿ.

ಹೆಜ್ಜೆ 5: ಫ್ಯಾನ್, ಕಿಟಕಿ, ಎಸಿ

ವೇಳಾಪಟ್ಟಿ ಗಡಿಯಾರ ನೋಡಿ ನಡೆಯುತ್ತದೆ. ಮನುಷ್ಯ ಸೆಖೆ ನೋಡಿ ನಡೆಯುತ್ತಾನೆ. ಆದ್ದರಿಂದ ಈ ಮೂರು ಸಾಧನಗಳಿಗೆ ಉಷ್ಣತೆಯ ಮೇಲೆ ನಿಂತ ನಿಯಮಗಳು ಬೇಕು. ಆ ಉಷ್ಣತೆ ಎಷ್ಟು ಎಂಬುದಕ್ಕೆ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಭಾರತದ ಕಚೇರಿಗಳಲ್ಲಿ ಸಮೀಕ್ಷೆ ನಡೆಸಿ ರೂಪಿಸಿದ ಐಮ್ಯಾಕ್ ಸೂತ್ರವನ್ನು ಬಳಸಬಹುದು. ಕಿಟಕಿಯ ಗಾಳಿಯಿಂದಲೇ ನಡೆಯುವ ಕಟ್ಟಡಗಳಲ್ಲಿ ಜನರಿಗೆ ಹಿತವೆನಿಸುವ ಒಳ ಉಷ್ಣತೆ = 0.54 × ಕಳೆದ ದಿನಗಳ ಹೊರಗಿನ ಸರಾಸರಿ ಉಷ್ಣತೆ + 12.83. ಶೇ. 90ರಷ್ಟು ಜನ ಒಪ್ಪುವ ವ್ಯಾಪ್ತಿ ಅದರ ಆಚೀಚೆ 2.38 ಡಿಗ್ರಿ. ಹೊರಗಿನ ಸರಾಸರಿ 30 ಡಿಗ್ರಿಯಾದರೆ ಹಿತದ ಉಷ್ಣತೆ 29.03, ಮೇಲಿನ ಮಿತಿ 31.4. ಸರಾಸರಿ 22ಕ್ಕೆ ಇಳಿದರೆ ಅವೇ ಅಂಕಿಗಳು 24.7 ಮತ್ತು 27.1. ಮೇ ತಿಂಗಳಲ್ಲಿ ಯಾರೂ ತಲೆಕೆಡಿಸಿಕೊಳ್ಳದ 28 ಡಿಗ್ರಿಗೆ ಡಿಸೆಂಬರಿನಲ್ಲಿ ‘ಎಷ್ಟು ಸೆಖಿ’ ಎನ್ನುವ ನಮ್ಮ ಅನುಭವ ಈ ಸೂತ್ರದಲ್ಲಿದೆ. ಇದು ಕಚೇರಿಗಳ ಸೂತ್ರವಾದ್ದರಿಂದ, ಬಟ್ಟೆ ಸಡಿಲಿಸಿ ನೆಲದ ಮೇಲೆ ಅಡ್ಡಾಗುವ ಸ್ವಾತಂತ್ರ್ಯವಿರುವ ಮನೆಯಲ್ಲಿ ಮಿತಿ ಇನ್ನೂ ಸ್ವಲ್ಪ ಮೇಲಿರಬಹುದು.

ಫ್ಯಾನಿನ ವಿಷಯದಲ್ಲಿ ಎಚ್ಚರ ಬೇಕು. ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ. 75 ವಾಟ್‌ನ ಹಳೆಯ ಫ್ಯಾನ್ ಕೋಣೆಗೆ 75 ವಾಟ್ ಶಾಖವನ್ನೇ ಸೇರಿಸುತ್ತದೆ. ಅದನ್ನು ಉಪಕರಣ ಎಂದಷ್ಟೇ ಮಾದರಿಗೆ ಸೇರಿಸಿದರೆ ತಂತ್ರಾಂಶದ ಪ್ರಕಾರ ಫ್ಯಾನ್ ಎಂಬುದು ಬರೀ ನಷ್ಟ. ಅದರ ಲಾಭ ಬರುವುದು ಮನುಷ್ಯನ ಮೈಗೆ, ಅಂದರೆ ಸಹಿಸಬಲ್ಲ ಮಿತಿಯನ್ನು ಏರಿಸುವುದರ ಮೂಲಕ. ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘವಾದ ಆಶ್ರೇಯ 55ನೆಯ ಮಾನದಂಡದ ಪ್ರಕಾರ ಮೈಗೆ ತಾಗುವ ಗಾಳಿಯ ವೇಗ ಸೆಕೆಂಡಿಗೆ 0.9 ಮೀಟರ್ ಆದರೆ ಮಿತಿ 1.8 ಡಿಗ್ರಿ, 1.2 ಮೀಟರ್ ಆದರೆ 2.2 ಡಿಗ್ರಿ ಏರುತ್ತದೆ. ಆದ್ದರಿಂದ ಎರಡು ಕಡೆ ಬದಲಾವಣೆ ಮಾಡಿ: ಉಪಕರಣದ ಪಟ್ಟಿಯಲ್ಲಿ ಫ್ಯಾನಿನ ವಾಟ್, ‘ಜನ’ ಖಾನೆಯಲ್ಲಿ ಗಾಳಿಯ ವೇಗದ ವೇಳಾಪಟ್ಟಿ. ಎಸಿ ಆರಂಭವಾಗುವ ಉಷ್ಣತೆಯನ್ನೂ ಅದಕ್ಕೆ ತಕ್ಕಂತೆ ಏರಿಸಿ.

ಕಿಟಕಿಗೆ ಮೂಲ ನಿಯಮ ಸರಳ: ಒಳಗೆ ಸೆಖೆ, ಹೊರಗೆ ಒಳಗಿಗಿಂತ ತಂಪು, ಕೋಣೆಯಲ್ಲಿ ಜನ ಇದ್ದಾರೆ, ಹಾಗಿದ್ದರೆ ತೆರೆ. ಅದರ ಮೇಲೆ ನಮ್ಮ ಊರಿನ ಅಡ್ಡಿಗಳನ್ನು ಒಂದೊಂದಾಗಿ ಹೇರಿ. ಧಾರವಾಡದಲ್ಲಿ ಸಂಜೆ ಪಶ್ಚಿಮದ ತಂಗಾಳಿ ಬೀಸತೊಡಗುವ ಹೊತ್ತೇ ದೀಪ ಹಚ್ಚುವ ಹೊತ್ತು, ಸೊಳ್ಳೆ ಒಳಬರುವ ಹೊತ್ತೂ ಅದೇ. ಮಾದರಿ ಕಿಟಕಿ ತೆರೆಯಬೇಕೆನ್ನುವ ಹೊತ್ತಿಗೆ ಸರಿಯಾಗಿ ಮನೆಯವರು ಅದನ್ನು ಮುಚ್ಚುತ್ತಾರೆ. ಜಾಳಿಗೆ ಇದ್ದರೆ ತೆರೆದಿಡುತ್ತಾರೆ, ಆದರೆ ಜಾಳಿಗೆ ಗಾಳಿಯನ್ನು ತಡೆಯುತ್ತದೆ. ಮೂರು ಹಳಿಯ ಸ್ಲೈಡಿಂಗ್ ಕಿಟಕಿಯಲ್ಲಿ ಒಂದು ಹಳಿ ಜಾಳಿಗೆಯದೇ ಆದ್ದರಿಂದ ಅದನ್ನು ಎಳೆದಿಟ್ಟಾಗ ಗಾಳಿ ಬರುವ ಜಾಗ ನಕ್ಷೆಯಲ್ಲಿ ಕಾಣುವ ಕಿಟಕಿಗಿಂತ ಬಹಳ ಕಡಿಮೆ. ನೆಲಮಹಡಿಯ ಕಿಟಕಿ ಕಳ್ಳರ ಭಯಕ್ಕೆ ರಾತ್ರಿ ಮುಚ್ಚಿರುತ್ತದೆ, ಮೇಲ್ಮಹಡಿಯದು ತೆರೆದಿರುತ್ತದೆ. ಸ್ವಿಟ್ಜರ್‌ಲೆಂಡಿನ ಲೋಸಾನ್‌ನ ಒಂದು ಕಚೇರಿ ಕಟ್ಟಡದಲ್ಲಿ ಹಲವು ವರ್ಷ ಅಳೆದು ಹಾಲ್ಡಿ ಮತ್ತು ರಾಬಿನ್ಸನ್ 2009ರಲ್ಲಿ ಪ್ರಕಟಿಸಿದ ಕಿಟಕಿಯ ಮಾದರಿ ಬಹಳ ಪ್ರಸಿದ್ಧವಾದದ್ದು, ಗಣಿತವೂ ಅಚ್ಚುಕಟ್ಟು. ಅದರ ರಚನೆಯನ್ನು ಎರವಲು ಪಡೆಯಿರಿ. ಅದರ ಅಂಕಿಗಳನ್ನು ಹುಬ್ಬಳ್ಳಿಯ ಕೇಶ್ವಾಪುರದ ಮನೆಗೆ ಹಚ್ಚಬೇಡಿ.

ಎಸಿಗೆ ಬಂದರೆ, ಭಾರತದಲ್ಲಿ 2020ರ ಜನವರಿ 1ರಿಂದ ಸ್ಟಾರ್ ಲೇಬಲ್‌ನ ಕೋಣೆ ಎಸಿಗಳು 24 ಡಿಗ್ರಿಯಲ್ಲಿ ಆರಂಭವಾಗಬೇಕೆಂಬ ನಿಯಮವಿದೆ. ಆರಂಭ ಅಲ್ಲಿ, ನಂತರ ರಿಮೋಟ್ ಯಾರ ಕೈಯಲ್ಲಿದೆ ಎಂಬುದು ಬೇರೆ ಮಾತು. ಎಸಿಗೆ ಇಟ್ಟ ಉಷ್ಣತೆಗಿಂತ (ಸೆಟ್‌ಪಾಯಿಂಟ್) ಮುಖ್ಯವಾದದ್ದು ಅವಧಿ. ಎಸಿಯ ಲೇಬಲ್ ಮೇಲಿನ ವಾರ್ಷಿಕ ಯೂನಿಟ್‌ಗಳು 1600 ಗಂಟೆಗಳ ಬಳಕೆಯನ್ನು ಆಧರಿಸಿವೆ. ಏಪ್ರಿಲ್-ಮೇ ತಿಂಗಳ 60 ರಾತ್ರಿ, ದಿನಕ್ಕೆ 8 ತಾಸು ಹಚ್ಚುವ ಧಾರಾಳಿ ಕುಟುಂಬವೂ 480 ಗಂಟೆ ಮುಟ್ಟುತ್ತದೆ, ಅಂದರೆ ಲೇಬಲ್‌ನ ಶೇ. 30.

ಅವಧಿಯನ್ನು ನಿರ್ಧರಿಸುವುದು ಸೆಖೆ ಮಾತ್ರವಲ್ಲ, ಬಿಲ್ಲು ಕೂಡ. 2023ರ ಜುಲೈ ಬಳಕೆಯಿಂದ ಜಾರಿಯಾದ ಗೃಹಜ್ಯೋತಿ ಯೋಜನೆಯಲ್ಲಿ ಹಿಂದಿನ ಸರಾಸರಿ ಬಳಕೆಗಿಂತ ಸ್ವಲ್ಪ ಹೆಚ್ಚಿನಷ್ಟು ಯೂನಿಟ್‌ ಉಚಿತ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟಬೇಕು. ಲೆಕ್ಕಕ್ಕಾಗಿ ಒಂದು ಎಸಿ ಸರಾಸರಿ 0.9 ಕಿಲೋವಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳೋಣ. ದಿನಕ್ಕೆ 8 ತಾಸಿಗೆ 7.2 ಯೂನಿಟ್, 30 ದಿನಕ್ಕೆ 216. ಎಸಿಯೊಂದೇ ಗೆರೆ ದಾಟಿಸುತ್ತದೆ. ಅದೇ ಮನೆಯವರು ಮಲಗುವ ಮುನ್ನ ಎರಡು ತಾಸು ಮಾತ್ರ ಹಚ್ಚಿದರೆ, ಆರಂಭದಲ್ಲಿ ಎಳೆತ ಹೆಚ್ಚಿರುವುದರಿಂದ 1.3 ಕಿಲೋವಾಟ್ ಎಂದು ಹಿಡಿದರೂ ತಿಂಗಳಿಗೆ 78 ಯೂನಿಟ್. ಆದ್ದರಿಂದ ಇಲ್ಲಿಯ ಮಾದರಿಗೆ ‘ತಿಂಗಳ ಯೂನಿಟ್ ಗೆರೆಯ ಹತ್ತಿರ ಬಂದಾಗ ಎಸಿ ತಾಸು ಕಡಿಮೆಯಾಗುತ್ತದೆ’ ಎಂಬ ನಿಯಮವೊಂದನ್ನು ಸೇರಿಸುವುದು ಯೋಗ್ಯ. ಎನರ್ಜಿಪ್ಲಸ್‌ನ ಒಳಗೆ ನಮ್ಮದೇ ನಿಯಮಗಳನ್ನು ಬರೆಯಲು ಇರುವ ಇಎಂಎಸ್ ಅಥವಾ ಪೈಥಾನ್ ಪ್ಲಗಿನ್‌ನಲ್ಲಿ ತಿಂಗಳ ಮೊತ್ತವನ್ನು ಕೂಡಿಸುತ್ತ ಹೋಗಿ ಇದನ್ನು ಬರೆಯಬಹುದು. ಎಸಿ ಓಡುವಾಗ ಕಿಟಕಿ ತೆರೆದಿರದಂತೆ ನೋಡಿಕೊಳ್ಳುವ ನಿಯಮವನ್ನೂ ಅಲ್ಲಿಯೇ ಬರೆಯಿರಿ. ಅಂಗಡಿಗಳಿಗೆ ಮಾತ್ರ ಈ ಕೊನೆಯ ನಿಯಮ ಬೇಡ: ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯಂಥ ಪೇಟೆಯಲ್ಲಿ ಗಿರಾಕಿ ಒಳಬರಲೆಂದು ಎಸಿ ಹಚ್ಚಿಯೂ ಬಾಗಿಲು ತೆರೆದಿಡುವ ಅಂಗಡಿಗಳುಂಟು, ಬ್ಯಾಡಗಿಯ ಮೆಣಸಿನಕಾಯಿ ಶೀತಲಗೃಹಗಳಲ್ಲಿ ಹಮಾಲರು ಚೀಲ ಸಾಗಿಸುವಾಗ ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು ಲೆಕ್ಕದ ದೊಡ್ಡ ಭಾಗವೇ.

ಹೆಜ್ಜೆ 6: ಸಂಭಾವ್ಯತೆ, ಬೇಕಿದ್ದರೆ ಮಾತ್ರ

ಖಚಿತ ನಿಯಮದಲ್ಲಿ 28 ಡಿಗ್ರಿಗೆ ಎಲ್ಲ ಮನೆಗಳ ಎಲ್ಲ ಕಿಟಕಿಗಳೂ ಒಮ್ಮೆಗೇ ತೆರೆದುಕೊಳ್ಳುತ್ತವೆ. ಒಂದು ಮನೆಗೆ ಇದರಿಂದ ತೊಂದರೆಯಿಲ್ಲ. ನಲವತ್ತು ಮನೆಗಳ ಕಟ್ಟಡದಲ್ಲಿ ಗರಿಷ್ಠ ಲೋಡ್ ಉಬ್ಬಿ ಕಾಣುತ್ತದೆ. ಆಗ, ಉಷ್ಣತೆ ಏರಿದಂತೆ ಸಂಭಾವ್ಯತೆಯನ್ನು 0ಯಿಂದ 1ರ ಕಡೆಗೆ ಹಂತಹಂತವಾಗಿ ಏರಿಸುವ ಲಾಜಿಸ್ಟಿಕ್ ಸೂತ್ರವನ್ನು ಬಳಸುತ್ತಾರೆ. ಉದಾಹರಣೆಗೆ ಎರಡು ಗುಣಾಂಕಗಳನ್ನು −14 ಮತ್ತು 0.5 ಎಂದಿಟ್ಟುಕೊಂಡರೆ, ಕಿಟಕಿ ತೆರೆದಿರುವ ಸಂಭಾವ್ಯತೆ 26 ಡಿಗ್ರಿಯಲ್ಲಿ 0.27, 28ರಲ್ಲಿ 0.5, 30ರಲ್ಲಿ 0.73 ಆಗುತ್ತದೆ. ನಿಮ್ಮ ಗುಣಾಂಕಗಳನ್ನು ನಿಮ್ಮ ಲಾಗರಿನ ದಾಖಲೆಯಿಂದಲೇ ತೆಗೆಯಬೇಕು.

ಇಲ್ಲೊಂದು ಕಣ್ತಪ್ಪುವ ಗುಂಡಿ ಇದೆ. ‘ಈಗ ತೆರೆದಿರುವ ಸಂಭಾವ್ಯತೆ’ ಬೇರೆ, ‘ಈ ಅವಧಿಯಲ್ಲಿ ತೆರೆಯುವ ಸಂಭಾವ್ಯತೆ’ ಬೇರೆ. ಮೊದಲನೆಯದನ್ನು ಪ್ರತಿ 10 ನಿಮಿಷಕ್ಕೂ ಹೊಸದಾಗಿ ಚೀಟಿ ಎತ್ತುವಂತೆ ಬಳಸಿದರೆ ಕಿಟಕಿ ದಿನವಿಡೀ ಪಟಪಟ ಬಡಿಯುತ್ತದೆ. ಎರಡನೆಯದಕ್ಕೆ ಸಮಯದ ಹೆಜ್ಜೆ ಗೊತ್ತಿರಬೇಕು: 10 ನಿಮಿಷಕ್ಕೆ 0.1 ಎಂದರೆ ಒಂದು ತಾಸಿನಲ್ಲಿ ಅದು 0.6 ಅಲ್ಲ, 0.47. ಎನರ್ಜಿಪ್ಲಸ್ ತಾನಾಗಿ ತಾಸಿಗೆ ಆರು ಹೆಜ್ಜೆ ಹಾಕುತ್ತದೆ. ಅದನ್ನು ನಾಲ್ಕಕ್ಕೆ ಬದಲಿಸಿದವರು ಸಂಭಾವ್ಯತೆಯನ್ನೂ ಬದಲಿಸಬೇಕು. ಕೋಣೆಗೆ ಬಂದಾಗ, ಎದ್ದಾಗ, ಹೊರಡುವಾಗ ಜನ ಹೆಚ್ಚು ಕೈಯಾಡಿಸುತ್ತಾರೆ, ನಡುವೆ ಕಡಿಮೆ. ದೀಪಗಳ ಬಗ್ಗೆ ಬ್ರಿಟನ್ನಿನಲ್ಲಿ ಹಂಟ್ 1979ರ ಸುಮಾರಿಗೇ ಇದನ್ನು ತೋರಿಸಿದ್ದರು: ಒಳಬರುವಾಗ ಬೆಳಕು ಸಾಲದಿದ್ದರೆ ಹಚ್ಚುತ್ತಾರೆ, ಆಮೇಲೆ ಎಷ್ಟೇ ಬೆಳಕಾದರೂ ಕೋಣೆ ಪೂರ್ತಿ ಖಾಲಿಯಾಗುವವರೆಗೆ ಆರಿಸುವುದಿಲ್ಲ. ಸರಕಾರಿ ಕಚೇರಿಗಳಲ್ಲಿ ಕೆಲಸವಿದ್ದು ಹೋದವರಿಗೆ ಇದಕ್ಕೆ ಪುರಾವೆ ಬೇಕಿಲ್ಲ.

ಇಂಥ ಮಾದರಿಯನ್ನು ಒಮ್ಮೆ ಓಡಿಸಿ ಬಂದ ಅಂಕಿಗೆ ಅರ್ಥವಿಲ್ಲ. ಯಾದೃಚ್ಛಿಕ ಸಂಖ್ಯೆಯ ಬೀಜವನ್ನು (ಚೀಟಿ ಎತ್ತುವ ಸರಣಿ ಆರಂಭವಾಗುವ ಸಂಖ್ಯೆಯನ್ನು) ಬದಲಿಸುತ್ತ ಹಲವಾರು ಬಾರಿ ಓಡಿಸಿ, ಸರಾಸರಿ ಮತ್ತು ಹರವು ಸ್ಥಿರವಾಗುವವರೆಗೆ ಮುಂದುವರಿಸಿ.

ಹೆಜ್ಜೆ 7: ಬಿಲ್ಲಿಗೆ ತಾಳೆ ನೋಡುವುದು

ಕನಿಷ್ಠ 12 ತಿಂಗಳ ಬಿಲ್ಲುಗಳನ್ನು ಪಡೆಯಿರಿ. ರೀಡಿಂಗ್ ತೆಗೆದುಕೊಂಡ ದಿನಾಂಕಗಳನ್ನು ನೋಡಿ, ಸಿಮ್ಯುಲೇಶನ್ನಿನ ದಿನಗಳನ್ನೂ ಅದೇ ದಿನಾಂಕಗಳ ನಡುವೆ ಕೂಡಿಸಿ. ಕ್ಯಾಲೆಂಡರ್ ತಿಂಗಳಿಗೆ ಹೋಲಿಸಿದರೆ ಏಪ್ರಿಲ್ ಕೊನೆಯ ಬಿಸಿ ವಾರ ತಪ್ಪು ತಿಂಗಳಿಗೆ ಬೀಳುತ್ತದೆ. ಹೋಲಿಸುವ ವರ್ಷಕ್ಕೆ ಆ ವರ್ಷದ್ದೇ ಹವಾಮಾನ ಬೇಕು, ಸರಾಸರಿ ವರ್ಷದ್ದಲ್ಲ. ಆಶ್ರೇ ಗೈಡ್‌ಲೈನ್ 14ರ ಪ್ರಕಾರ ತಿಂಗಳ ದತ್ತಾಂಶದಲ್ಲಿ ಸರಾಸರಿ ವಾಲಿಕೆ (ಮಾದರಿ ಒಟ್ಟಾರೆ ಎಷ್ಟು ಹೆಚ್ಚು ಅಥವಾ ಕಡಿಮೆ ತೋರಿಸುತ್ತದೆ ಎಂಬುದು) ಶೇ. 5ರೊಳಗೆ, ಹರವಿನ ಮಾನವಾದ ಸಿವಿ-ಆರ್‌ಎಂಎಸ್‌ಇ ಶೇ. 15ರೊಳಗೆ ಇರಬೇಕು, ತಾಸಿನ ದತ್ತಾಂಶಕ್ಕೆ ಇವು ಶೇ. 10 ಮತ್ತು ಶೇ. 30.

ಈ ಅಂಕಿಗಳನ್ನು ಮುಟ್ಟುವುದು ಕಷ್ಟವಲ್ಲ, ಅದೇ ಅಪಾಯ. ಎಸಿಯ ಅವಧಿಯನ್ನು ಹೆಚ್ಚು ಮಾಡಿ ದಕ್ಷತೆಯನ್ನೂ ಹೆಚ್ಚು ಮಾಡಿದರೆ ಬಿಲ್ಲು ಹೊಂದುತ್ತದೆ, ಎರಡೂ ತಪ್ಪಾಗಿಯೇ ಉಳಿಯುತ್ತವೆ. ಆದ್ದರಿಂದ ಮೊದಲು ಅಕ್ಟೋಬರ್-ನವೆಂಬರಿನಂಥ, ಎಸಿಯೂ ಇಲ್ಲದ, ಗೀಸರೂ ಹೆಚ್ಚಿಲ್ಲದ ತಿಂಗಳನ್ನು ಹಿಡಿದು ಫ್ರಿಜ್, ದೀಪ, ಟಿವಿ, ಮೋಟಾರುಗಳ ಮೂಲ ಬಳಕೆಯನ್ನು ಸರಿಪಡಿಸಿ. ಆಮೇಲೆ ಆಗಸ್ಟ್ ಮತ್ತು ಜನವರಿಯಲ್ಲಿ ಗೀಸರನ್ನು, ಕೊನೆಗೆ ಏಪ್ರಿಲ್-ಮೇ ತಿಂಗಳಲ್ಲಿ ಫ್ಯಾನ್ ಮತ್ತು ಎಸಿಯನ್ನು ಹೊಂದಿಸಿ. ಪ್ರತಿ ಹಂತದಲ್ಲೂ ಬಿಲ್ಲಿನ ಜೊತೆಗೆ ಲಾಗರಿನ ಒಳ ಉಷ್ಣತೆಯೂ ತಾಳೆಯಾಗಬೇಕು. ಯೂನಿಟ್ ಹೊಂದಿ ಉಷ್ಣತೆ ಹೊಂದದಿದ್ದರೆ ಮಾದರಿಯಲ್ಲಿ ಎಲ್ಲೋ ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡಿವೆ.

ಹೆಜ್ಜೆ 8: ಮೂರು ಬಗೆಯ ಮನೆಯವರು, ಒಂದು ನಿರ್ಧಾರ

ಈಗ ಮೂರು ಕುಟುಂಬಗಳನ್ನು ಸೃಷ್ಟಿಸಿ: ಬಿಗಿ ಕೈಯವರು, ನಡುವಿನವರು, ಧಾರಾಳಿಗಳು. ಬಿಗಿ ಕೈಯವರು ಎಂದರೆ ಜನ ಕಡಿಮೆ ಎಂದಲ್ಲ. ನಿವೃತ್ತ ದಂಪತಿ ದಿನವಿಡೀ ಮನೆಯಲ್ಲಿದ್ದು ಎರಡು ಫ್ಯಾನುಗಳನ್ನು ತಲಾ 14 ತಾಸು ಓಡಿಸಿದರೂ ಆಗುವುದು ದಿನಕ್ಕೆ 2.1 ಯೂನಿಟ್, ತಿಂಗಳಿಗೆ 63. ಪ್ರತಿ ಸುಧಾರಣೆಯನ್ನೂ ಮೂರು ಕುಟುಂಬಗಳೊಂದಿಗೆ ಓಡಿಸಿ, ಶ್ರೇಯಾಂಕ ಬದಲಾಗುತ್ತದೆಯೇ ನೋಡಿ.

75 ವಾಟ್‌ನ ಎರಡೂ ಫ್ಯಾನ್ ತೆಗೆದು, ಕಡಿಮೆ ವಿದ್ಯುತ್ ಎಳೆಯುವ ಮೋಟಾರಿನ, 30 ವಾಟ್‌ನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಆ ದಂಪತಿಗೆ ತಿಂಗಳಿಗೆ ಸುಮಾರು 38 ಯೂನಿಟ್ ಉಳಿತಾಯ. ಇಬ್ಬರೂ ನೌಕರಿಗೆ ಹೋಗುವ, ಎರಡು ಫ್ಯಾನ್ ತಲಾ 8 ತಾಸು ಓಡುವ ಮನೆಯಲ್ಲೂ ಸುಮಾರು 22. ಯಾರು ವಾಸಿಸಿದರೂ ಈ ನಿರ್ಧಾರ ಸರಿಯೇ. ಹೆಚ್ಚು ಸ್ಟಾರ್‌ನ ಇನ್ವರ್ಟರ್ ಎಸಿ ಹಾಗಲ್ಲ: ಧಾರಾಳಿಗೆ ಅದು ಮೊದಲ ಸ್ಥಾನದಲ್ಲಿ ನಿಲ್ಲುತ್ತದೆ, ಎರಡು ತಾಸು ಹಚ್ಚುವವರಿಗೆ ಕೊನೆಗೆ ಹೋಗುತ್ತದೆ, ಎಸಿಯೇ ಇಲ್ಲದವರಿಗೆ ಪಟ್ಟಿಯಲ್ಲಿಯೇ ಇಲ್ಲ.

ಮಾಳಿಗೆಯ ಬಿಳಿ ಲೇಪನ ಇನ್ನೂ ಸೂಕ್ಷ್ಮ. ಎಸಿ ಇಲ್ಲದ ಮೇಲ್ಮಹಡಿಯ ಮನೆಯಲ್ಲಿ ಅದು ಹೆಚ್ಚುಕಡಿಮೆ ಒಂದೂ ಯೂನಿಟ್ ಉಳಿಸುವುದಿಲ್ಲ, ಆದರೆ ಸೆಖೆಯ ಗಂಟೆಗಳನ್ನು ಕಡಿಮೆ ಮಾಡುತ್ತದೆ. ಯೂನಿಟ್ ಮಾತ್ರ ಎಣಿಸುವ ವರದಿಯಲ್ಲಿ ಬಡವರ ಮನೆಗೆ ಮಾಡುವ ಈ ಕೆಲಸ ವ್ಯರ್ಥ ಎಂದು ಬರುತ್ತದೆ. ಜರ್ಮನಿಯ ಮನೆಗಳ ಕುರಿತು 2012ರಲ್ಲಿ ಸುನಿಕ್ಕಾ-ಬ್ಲಾಂಕ್ ಮತ್ತು ಗಾಲ್ವಿನ್ ತೋರಿಸಿದ್ದೂ ಇದಕ್ಕೆ ಹತ್ತಿರದ್ದೇ: ಲೆಕ್ಕಾಚಾರ ಹೇಳುವುದಕ್ಕಿಂತ ಸರಾಸರಿ ಶೇ. 30ರಷ್ಟು ಕಡಿಮೆ ಇಂಧನವನ್ನು ಜನ ಬಳಸುತ್ತಿದ್ದರು, ಹಾಗಾಗಿ ದುರಸ್ತಿಯ ನಂತರ ಲೆಕ್ಕದ ಉಳಿತಾಯ ಕೈಗೆ ಬರುವ ಹಾಗಿರಲಿಲ್ಲ. ಆದ್ದರಿಂದ ಪ್ರತಿ ಸುಧಾರಣೆಯ ಮುಂದೆ ಎರಡು ಅಂಕಿಗಳನ್ನು ಬರೆಯಿರಿ: ಯೂನಿಟ್‌ಗಳ ಉಳಿತಾಯ ಮತ್ತು ಜನ ಒಳಗಿರುವಾಗ ಐಮ್ಯಾಕ್ ಮಿತಿ ಮೀರುವ ಗಂಟೆಗಳ ಇಳಿಕೆ.

ಹೆಜ್ಜೆ 9: ವರದಿ

ಒಂದೇ ಅಂಕಿಯನ್ನು ಕೊಡಬೇಡಿ. ಮನೆಯ ಮಾಲೀಕರು ಕೇಳುವುದು ಒಂದೇ ಅಂಕಿಯನ್ನೇ ಆದರೂ ಮೂರು ಕುಟುಂಬಗಳ ಅಂಕಿಗಳನ್ನು ಒಂದರ ಕೆಳಗೊಂದು ಬರೆದು, ‘ನಿಮ್ಮ ಮನೆ ಇವುಗಳಲ್ಲಿ ಯಾವುದಕ್ಕೆ ಹತ್ತಿರ’ ಎಂದು ಕೇಳಿ. ವರದಿಯ ಜೊತೆ ವೇಳಾಪಟ್ಟಿಗಳು, ಕಿಟಕಿ ಮತ್ತು ಎಸಿಯ ನಿಯಮಗಳು ಕನ್ನಡದ ಸರಳ ವಾಕ್ಯಗಳಲ್ಲಿ, ಯಾವ ಅಂಕಿ ಅಳೆದದ್ದು ಮತ್ತು ಯಾವುದು ಅಂದಾಜು ಎಂಬ ಗುರುತು, ಹವಾಮಾನ ಫೈಲಿನ ಹೆಸರು, ತಂತ್ರಾಂಶದ ಆವೃತ್ತಿ ಮತ್ತು ಬಳಸಿದ ಬೀಜಸಂಖ್ಯೆಗಳು ಇರಲಿ. ಬಾಡಿಗೆಯ ಮನೆಯಾದರೆ ಮುಂದಿನ ಬಾಡಿಗೆದಾರರು ಬಂದಾಗ 3ನೆಯ ಹೆಜ್ಜೆಯ ಪ್ರಶ್ನೆಗಳನ್ನು ಅವರಿಗೆ ಮತ್ತೆ ಕೇಳಿ, ವೇಳಾಪಟ್ಟಿಗಳನ್ನು ಮಾತ್ರ ಬದಲಿಸಿ ಮರಳಿ ಓಡಿಸಬಹುದು; ಗೋಡೆ, ಕಿಟಕಿ, ಮಾಳಿಗೆಯ ಭಾಗವನ್ನು ಮುಟ್ಟಬೇಕಾಗಿಲ್ಲ.